ಮೂಗಿನ ತುದಿ ಮ್ಯಾಲಿನ ಗುಳ್ಳಿ

ನಮ್ಮ ಅತ್ತಿಯವರ ಬಲಗಣ್ಣಾಗ ಹೂವು ಬಿದ್ದಿತ್ತು. ನನ್ನ ಮಕ್ಕಳು ಅಜ್ಜೀನ್ನ ನೋಡಿದ್ದ ಹಂಗ, ಒಂದು ಕಣ್ಣು ಕರ್ರಗ, ಇನ್ನೊಂದು ಮಜ್ಜಗಿ ಬಿದ್ದಂಗ ಬೆಳ್ಳಗ. ಫೋಟೋ ತಗಸೂ ಮುಂದ ಅವರು ಯಾವಾಗ್ಲೂ ಸೆರಗು ಸ್ವಲ್ಪ ಬಲಕ್ಕ ಎಳಕೊತಿದ್ರು. ಆ ಕಣ್ಣು ಹುಟ್ಟಿನಿಂದ ಹಂಗ ಇದ್ದಿದ್ದಲ್ಲ, ಪೆಟ್ಟು ಬಿದ್ದು ಹೋದದ್ದೂ ಅಲ್ಲ. 1993ರಾಗ ಸರ್ಪಸುತ್ತು ಆಗಿ ಹೋದ ಕಣ್ಣದು. ಆ ಸರ್ಪಸುತ್ತಿಗೆ ಕೆಮ್ಮಣ್ಣು ಅರದು ಹಚ್ಚಿದಾಕಿ ನಾನು.

ಇಷ್ಟು ಬರಿಯಾಕ ನನಗ ಮೂವತ್ತು ವರ್ಷ ಹಿಡೀತು ನೋಡ್ರಿ. ಹೋದ ದೀಪಾವಳಿ ಮುಂದ ಅದ ಬ್ಯಾನಿ ಮತ್ತ ನಮ್ಮ ಬಳಗದಾಗ ಬಂತು. ಅದರ ಸುದ್ದಿ ಕಡೀಕ ಹೇಳ್ತೀನಿ. ನಾ ಕಲತದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಆದ್ರ ಇತಿಹಾಸ ಅಂದ್ರ ನನಗ ಅವಾಗಿಂದ ಜೀವ. ರಾಜರಿಗೆ, ಯುದ್ಧಕ್ಕ ಇತಿಹಾಸ ಇದ್ದಂಗ ಬ್ಯಾನಿಗೂ ಒಂದು ಇತಿಹಾಸ ಇರತೈತಿ ಅಂತ ಗೊತ್ತಾಗಿದ್ದು ಮಾತ್ರ ಅತ್ತಿಯವರ ಕಣ್ಣಿನಿಂದ. ದವಾಖಾನಿ ಕೆಲಸ ಮಾಡೂ ಮಗಳ ಕಡಿಂದ ಕೇಳಿ ಕೇಳಿ, ಓದಿಸಿ ಓದಿಸಿ ತಿಳಕೊಂಡದ್ದನ್ನ ಇಲ್ಲಿ ಬರೀತೀನಿ.

ಮದಲ ನಮ್ಮ ಮನಿ ಕತಿ. ನನ್ನ ಮದಿವಿ ಆಗಿ ಎರಡು ವರ್ಷ ಆಗಿತ್ತು, ಹಿರೇ ಮಗ ಹೊಟ್ಯಾಗಿದ್ದ. ಸುಗ್ಗಿ ಕಾಲ. ಅತ್ತಿಯವರಿಗೆ ಅರವತ್ತೆರಡು ವಯಸ್ಸು. ಒಂದಿನ ಮುಂಜಾನೆ ಬಲಗಡಿ ಅರ್ಧ ತಲಿ ಉರೀತೈತಿ ಅಂದ್ರು. ಬಾಚಣಿಗಿ ಮುಟ್ಟಿಸಿದ್ರ ಚೀರ್ತಿದ್ರು. ಅರೆತಲಿ ಬ್ಯಾನಿ ಇರಬೇಕು ಅಂತ ಸುಂಠಿ ತೇದು ಹಚ್ಚಿದ್ವಿ. ಮೂರನೇ ದಿನ ಹಣಿ ಮ್ಯಾಲೆ, ಹುಬ್ಬಿನ ಮ್ಯಾಲೆ ಕೆಂಪಗಾಗಿ ಸಣ್ಣ ಸಣ್ಣ ಗುಳ್ಳಿ ಎದ್ದುವು. ಬಾಜೂ ಮನಿ ಅಮ್ಮ ನೋಡಿ, "ಇದು ಸರ್ಪಸುತ್ತು. ತಲಿ ಬಾಲ ಕೂಡೂದ್ರಾಗ ತಡೀಬೇಕು" ಅಂದ್ರು. ತಲಿಗೂ ಬಾಲಕ್ಕೂ ಗಂಟು ಬಿತ್ತು ಅಂದ್ರ ಜೀವ ಉಳಿಯೂದಿಲ್ಲ ಅಂತ ನಮ್ಮ ಕಡೆ ಎಲ್ಲಾರೂ ನಂಬಿದ ಮಾತು. ಮಂತ್ರಿಸೂ ಅಜ್ಜ ಬಂದ್ರು. ಪಾಪ, ರೊಕ್ಕ ಮುಟ್ಟಲಿಲ್ಲ, ಒಂದು ಟೆಂಗಿನಕಾಯಿ ಅಷ್ಟ ತಗೊಂಡ್ರು. ದಿನಾ ಎರಡು ಹೊತ್ತು ಕೆಮ್ಮಣ್ಣು ಹಚ್ಚರಿ ಅಂತ ಹೇಳಿ ಹೋದ್ರು. ನಾ ಹಚ್ಚಿದೆ.

ಐದನೇ ದಿನಕ್ಕ ಮೂಗಿನ ತುದಿ ಮ್ಯಾಲೆ ಒಂದ ಒಂದು ಗುಳ್ಳಿ ಬಂತು. ಅತ್ತಿಯವರು ಕನ್ನಡಿ ನೋಡಿ, "ನೋಡವ್ವ, ಇನ್ನೊಂದು ಮೂಗಬಟ್ಟು ಬಂತು ನನಗ" ಅಂತ ನಕ್ಕರು. ಆ ಬ್ಯಾನಿಯೊಳಗೂ ನಗೋ ಸ್ವಭಾವ ಅವರದು. ನಾವೂ ನಕ್ಕಿವಿ. ಒಂಬತ್ತನೇ ದಿನ ಕಣ್ಣು ಬಾತು ಮುಚ್ಚಿಕೊಂಡಿತು, ಬೆಳಕು ಕಂಡ್ರ ನೀರು ಸುರೀತಿತ್ತು. ಅವಾಗ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ್ವಿ.

ಅಲ್ಲಿ ಕಣ್ಣಿನ ಡಾಕ್ಟರ್ ಕೆಮ್ಮಣ್ಣೆಲ್ಲಾ ಒರಸಿದ್ರು. ಅವರು ಮದಲು ನೋಡಿದ್ದು ಕಣ್ಣಲ್ಲ, ಮೂಗು. "ಈ ಗುಳ್ಳಿ ಯಾವತ್ತು ಬಂತು?" ಅಂತ ಕೇಳಿದ್ರು. ನಾಕು ದಿನ ಆತ್ರಿ ಅಂದೆ. "ಅವತ್ತ ಬರಬೇಕಿತ್ತವ್ವ" ಅಂದ್ರು. ಬೈದಂಗ ಅನ್ನಲಿಲ್ಲ, ಮೆತ್ತಗ ಅಂದ್ರು. ಆದ್ರ ಆ ಮಾತು ನನ್ನ ಎದಿಯಾಗ ಹೊಕ್ಕೊಂಡದ್ದು ಹೊರಗ ಬರಲಿಲ್ಲ. ಕಣ್ಣಿಗೆ ಬಂದ ಬ್ಯಾನಿಗೆ ಮೂಗು ಯಾಕ ನೋಡಿದ್ರು?

ಅದರ ಉತ್ತರ ಲಂಡನ್ನಿನಾಗ ಐತಿ, 1860ರ ದಶಕದಾಗ. ಅಲ್ಲಿಗೆ ಹೋಗೂಕಿಂತ ಮದಲ ಹೆಸರಿನ ಮಾತು ಒಂಚೂರು ಹೇಳಬೇಕು.

ಇಂಗ್ಲಿಷಿನಾಗ ಇದಕ್ಕ ಶಿಂಗಲ್ಸ್ ಅಂತಾರ. ಅದು ಲ್ಯಾಟಿನ್ನಿನ ಸಿಂಗ್ಯುಲಮ್ ಅನ್ನೂ ಶಬ್ದದಿಂದ ಬಂದದ್ದು, ಅಂದ್ರ ನಡಪಟ್ಟಿ. ಡಾಕ್ಟರ್ ಭಾಷಾದಾಗ ಹರ್ಪಿಸ್ ಜೋಸ್ಟರ್. ಗ್ರೀಕಿನಾಗ ಜೋಸ್ಟರ್ ಅಂದ್ರನೂ ನಡಪಟ್ಟಿನ. ಸೊಂಟ, ಪಕ್ಕಿ ಸುತ್ತ ಪಟ್ಟಿ ಕಟ್ಟಿದಂಗ ಏಳತಾವಲ್ಲ ಗುಳ್ಳಿ, ಅದಕ್ಕ. ಇನ್ನ ಹರ್ಪಿಸ್ ಅಂದ್ರ ಹರಿದಾಡೂದು, ತೆವಳೂದು. ನಮ್ಮ ಸಂಸ್ಕೃತದ ಸರ್ಪ ಅನ್ನೂ ಶಬ್ದಕ್ಕೂ ತೆವಳೂದು ಅಂತನ ಅರ್ಥ, ಎರಡಕ್ಕೂ ಬೇರು ಒಂದ. ಗ್ರೀಸಿನವರೂ ನಮ್ಮ ಹಿರೇರೂ ಒಂದ ಬ್ಯಾನಿ ನೋಡಿ ಒಂದ ಮಾತು ಅಂದಿದ್ರು. ನಮ್ಮ ಹಿರೇರು ಕಣ್ಣಿಲೆ ನೋಡಿದ್ದು ತಪ್ಪಲ್ಲ. ಹಾವಿನಂಗ ಹರಿದದ್ದು ಖರೇನ. ಅದು ಎಲ್ಲಿಂದ ಬಂತು, ಯಾವ ದಾರಿಲೆ ಹರೀತು ಅನ್ನೂದಷ್ಟ ಗೊತ್ತಿರಲಿಲ್ಲ.

ಆ ದಾರಿ ಮದಲು ಹಿಡದದ್ದು ಜರ್ಮನಿಯ ಫಾನ್ ಬೇರೆನ್‌ಸ್ಪ್ರುಂಗ್ ಅನ್ನೂ ಡಾಕ್ಟರ್, 1860ರ ದಶಕದ ಸುರುವಾತಿನಾಗ. ಸರ್ಪಸುತ್ತು ಆಗಿ ಸತ್ತವರ ದೇಹ ಕೊಯ್ದು ನೋಡಿದಾಗ, ಗುಳ್ಳಿ ಎದ್ದಿದ್ದ ಜಾಗಾಕ್ಕ ಹೋಗೂ ನರದ ಬುಡದಾಗಿನ ಗಂಟು ಬಾತು ಕೆಟ್ಟಿತ್ತು. ಅಂದ್ರ ಇದು ಬರೇ ಚರ್ಮದ ಬ್ಯಾನಿ ಅಲ್ಲ, ನರದ ಬ್ಯಾನಿ. ಮುಂದ 1900ರಾಗ ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತ ಕ್ಯಾಂಪ್‌ಬೆಲ್ ಅನ್ನೂ ಇಬ್ಬರು, ಇಂಥ ಗುಳ್ಳಿ ಎದ್ದ ಜಾಗಾ ಎಲ್ಲಾ ಗುರುತು ಹಾಕಿ, ಯಾವ ನರ ಚರ್ಮದ ಯಾವ ತುಂಡನ್ನ ಆಳತೈತಿ ಅಂತ ಮೈಯ ನಕಾಶೆನ ತಯಾರ ಮಾಡಿದ್ರು. ಹೊಲದ ಸರ್ವೆ ನಂಬರ್ ಇದ್ದಂಗ. ಒಂದು ನರದ ಹೊಲ ಮೈಯ ನಟ್ಟನಡುವಿನ ಗೆರಿಗೆ ಮುಗೀತೈತಿ, ಆಚೆ ಕಡಿಗೆ ಬ್ಯಾರೆ ನರದ್ದು. ಅದಕ್ಕ ಸರ್ಪಸುತ್ತು ಸಾಮಾನ್ಯ ಮೈಯ ಒಂದ ಮಗ್ಗಲಿಗೆ ನಿಲ್ತೈತಿ. ತಲಿ ಬಾಲ ಕೂಡ್ತಾವೋ ಏನೋ ಅಂತ ನಾವು ಹಗಲೂ ರಾತ್ರಿ ಕಾದಿದ್ವಲ್ಲ, ಅವು ಕೂಡೂವಲ್ಲ. ಅಂಜಬೇಕಾದ್ದು ಬ್ಯಾರೆದಕ್ಕ ಇತ್ತು.

ಈಗ ಲಂಡನ್ನಿಗೆ ಬರೂಣ. ಜೊನಾಥನ್ ಹಚಿನ್ಸನ್ ಅಂತ ಒಬ್ಬ ಸರ್ಜನ್. 1828ರಾಗ ಯಾರ್ಕ್‌ಶೈರಿನ ಸೆಲ್ಬಿ ಅನ್ನೂ ಊರಾಗ ಹುಟ್ಟಿದಾಂವ. ಕಣ್ಣು, ಚರ್ಮ, ಎಲ್ಲಾ ಥರದ ರೋಗಿಗಳನ್ನ ನೋಡಾಂವ. ಕಣ್ಣಿನ ದವಾಖಾನಿಗೆ ಹಣಿ ಮ್ಯಾಲೆ ಸರ್ಪಸುತ್ತು ಆದವರು ಬರ್ತಿದ್ರು. ಕೆಲವರ ಕಣ್ಣು ಕೆಡ್ತಿತ್ತು, ಕೆಲವರದ್ದು ಏನೂ ಆಗದ ಉಳೀತಿತ್ತು. ಯಾಕ ಹಿಂಗ ಅಂತ ಒಬ್ಬೊಬ್ಬರದೂ ಬರದಿಡಾಕ ಸುರು ಮಾಡಿದಾಗ ಒಂದು ಮಾತು ಹೊಳೀತು. ಮೂಗಿನ ಮಗ್ಗಲು, ತುದಿ ತನಕ ಗುಳ್ಳಿ ಬಂದವರ ಕಣ್ಣು ಕೆಡೂದು ಹೆಚ್ಚು. ಇವತ್ತಿಗೂ ಡಾಕ್ಟರಿಕಿ ಕಲಿಯೂ ಹುಡುಗ್ರು ಇದನ್ನ ಹಚಿನ್ಸನ್ ಚಿಹ್ನೆ ಅಂತ ಓದ್ತಾರ.

ಕಾರಣ ಭಾಳ ಸರಳ ಐತಿ. ಮುಖಕ್ಕ ಒಂದು ದೊಡ್ಡ ನರ ಐತಿ, ಐದನೇ ನರ ಅಂತಾರ. ಅದಕ್ಕ ಮೂರು ಟೊಂಗಿ. ಮ್ಯಾಲಿನ ಟೊಂಗಿ ಹಣಿಗೆ, ಕಣ್ಣಿಗೆ. ಅದ ಟೊಂಗಿಯ ಒಂದು ಸಣ್ಣ ಕವಲು ಕಣ್ಣಗುಡ್ಡಿ ಒಳಗೂ ಹೋಗತೈತಿ, ಮೂಗಿನ ತುದಿಗೂ ಬರತೈತಿ. ಒಂದ ಕಾಲಿವಿ ನೀರು ಎರಡು ಹೊಲಕ್ಕ ಹೋದಂಗ. ಮೂಗಿನ ತುದಿ ಮ್ಯಾಲೆ ಗುಳ್ಳಿ ಎದ್ದಿತು ಅಂದ್ರ, ನಂಜು ಆ ಕವಲಿಗೆ ಬಂದೈತಿ, ಕಣ್ಣಿಗೂ ಹೊಂಟೈತಿ ಅಂತ ಅರ್ಥ. ನಮ್ಮ ಅತ್ತಿಯವರ "ಇನ್ನೊಂದು ಮೂಗಬಟ್ಟು" ನೂರಾ ಮೂವತ್ತು ವರ್ಷದ ಹಿಂದಿನಿಂದ ಪುಸ್ತಕದಾಗ ಇದ್ದ ಚೀಟಿ. ನಮಗ ಅದನ್ನ ಓದಾಕ ಬರಲಿಲ್ಲ.

ಈ ಹಚಿನ್ಸನ್ ಎಲ್ಲಾದ್ರಾಗೂ ಶಾಣ್ಯಾ ಏನಲ್ಲ. ಕುಷ್ಠರೋಗ ಕೆಟ್ಟ ಮೀನು ತಿನ್ನೂದರಿಂದ ಬರತೈತಿ ಅಂತ ಸಾಯೂತನಕ ನಂಬಿದ್ದ. ಅದನ್ನ ಸಾಧಿಸಾಕ ಮುಪ್ಪಿನ ವಯಸ್ಸಿನಾಗ, 1902-03ರ ಸುಮಾರು, ನಮ್ಮ ದೇಶಕ್ಕೂ ಬಂದು ಅಡ್ಡಾಡಿ ಹೋಗಿದ್ದ. ಕುಷ್ಠರೋಗಕ್ಕ ಕಾರಣ ಆಗೂ ಸೂಕ್ಷ್ಮಜೀವಿನ್ನ ನಾರ್ವೆಯ ಹ್ಯಾನ್ಸನ್ 1873ರಾಗನ ಕಂಡಿದ್ದ, ಆದ್ರೂ ಈತ ಮೀನು ಬಿಡಲಿಲ್ಲ. ಇದನ್ನ ಓದಿದಾಗ ನನಗ ಒಂದಿಷ್ಟು ಸಮಾಧಾನ ಆತು. ಅಂಥಾ ದೊಡ್ಡ ಡಾಕ್ಟರನ ತಾ ನಂಬಿದ್ದನ್ನ ಬಿಡಲಿಲ್ಲ ಅಂದಮ್ಯಾಲೆ, ಇಪ್ಪತ್ತೆರಡು ವರ್ಷದ ಸೊಸಿ ಕೆಮ್ಮಣ್ಣು ನಂಬಿದ್ದರಾಗ ಏನು ಆಶ್ಚರ್ಯ?

ಹಂಗಾದ್ರ ಈ ಹಾವು ಬರೂದು ಎಲ್ಲಿಂದ? ನಮ್ಮ ಊರಾಗ ನಾಗಪ್ಪನ ಶಾಪ ಅಂದ್ರು, ಉಷ್ಣ ಅಂದ್ರು. ಖರೇ ಉತ್ತರ ನಮ್ಮ ಬಾಯಾಗ ಇದ್ದ ಇನ್ನೊಂದು ಶಬ್ದದಾಗಿತ್ತು, ಅಮ್ಮ. ಸಣ್ಣವರಿದ್ದಾಗ ಮೈತುಂಬ ನೀರಗುಳ್ಳಿ ಏಳತಾವಲ್ಲ, ಅಮ್ಮ ಬಂದಾಳ ಅಂತ ಬೇವಿನ ತೊಪ್ಪಲದಾಗ ಮಲಗಸ್ತಿದ್ರಲ್ಲ, ಆ ಚಿಕನ್ ಪಾಕ್ಸ್. ಇದು ಸಿಡುಬಲ್ಲ, ಬ್ಯಾರೆ ಬ್ಯಾನಿ ಅಂತ ಇಂಗ್ಲೆಂಡಿನ ಹೆಬರ್ಡನ್ 1767ರಾಗ ಬಿಡಿಸಿ ಹೇಳಿದ್ದ. ಹತ್ತೊಂಬತ್ತನೇ ಶತಮಾನದ ಕಡೀಕ ಹಂಗೇರಿಯ ಮಕ್ಕಳ ಡಾಕ್ಟರ್ ಬೋಕೈ ಒಂದು ಚಮತ್ಕಾರ ನೋಡಿದ್ರು. ಮನ್ಯಾಗ ದೊಡ್ಡವರಿಗೆ ಸರ್ಪಸುತ್ತು ಆದ್ರ, ಕೆಲವು ದಿನದಾಗ ಅದ ಮನಿ ಸಣ್ಣ ಮಕ್ಕಳಿಗೆ ಅಮ್ಮ ಬರ್ತಿತ್ತು. ಇವೆರಡೂ ಒಂದ ಇರಬೇಕು ಅಂದ್ರು. ಭಾಳ ಮಂದಿ ಒಪ್ಪಲಿಲ್ಲ. 1950ರ ದಶಕದಾಗ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ಗುಳ್ಳಿಯ ನೀರಿನಿಂದ ವೈರಸ್ ಬೆಳಸಿ, ಎರಡೂ ಒಂದ ಅಂತ ತೋರಿಸಿದ್ರು.

ಆದ್ರ ನನಗ ಎಲ್ಲಾರಕಿಂತ ಹೆಚ್ಚು ಸೇರಿದಾಂವ ಎಡ್ಗರ್ ಹೋಪ್-ಸಿಂಪ್ಸನ್. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಅನ್ನೂ ಊರಿನ ಸಾದಾ ಡಾಕ್ಟರ್, ನಮ್ಮ ಓಣಿ ಡಾಕ್ಟರ್ ಇದ್ದಂಗ. ದೊಡ್ಡ ಲ್ಯಾಬು ಇಲ್ಲ, ಕೈಯಾಗ ಇದ್ದದ್ದು ಒಂದು ವಹಿ. ಹದಿನಾರು ವರ್ಷ ತನ್ನ ಕಡೆ ಬಂದ ಸರ್ಪಸುತ್ತಿನ ರೋಗಿಗಳನ್ನ ಬರದಿಟ್ರು, ಒಟ್ಟು 192 ಮಂದಿ. ಸ್ಕಾಟ್ಲೆಂಡಿನ ಉತ್ತರಕ್ಕ ಶೆಟ್ಲೆಂಡಿನ ಯೆಲ್ ಅನ್ನೂ ನಡುಗಡ್ಡಿಗೂ ಹೋಗಿ ಅಲ್ಲಿಯವರ ಲೆಕ್ಕ ಕೇಳಿ ಬಂದ್ರು. 1965ರಾಗ ಅವರು ಹೇಳಿದ್ದು ಇಷ್ಟ: ಅಮ್ಮ ವಾಸಿ ಆದ ಮ್ಯಾಲೆ ಆ ವೈರಸ್ ಹೋಗೂದಿಲ್ಲ. ನರದ ಗಂಟಿನಾಗ ಹೋಗಿ ಮಲಗತೈತಿ. ಮೈಯಾಗ ಕಸುವು ಇರೂತನಕ ಅದು ಮಿಸುಕೂದಿಲ್ಲ. ವಯಸ್ಸಾಗಿ ಕಾವಲು ಸಡಲಾದಾಗ ಎದ್ದು, ಅದ ನರ ಹಿಡದು ಚರ್ಮಕ್ಕ ಬರತೈತಿ. 1983ರಾಗ ಅಮೆರಿಕದ ಸಂಶೋಧಕರು ಸತ್ತವರ ಮುಖದ ನರದ ಗಂಟಿನಾಗ ಈ ವೈರಸ್ಸಿನ ಗುರುತು ಕಂಡಾಗ ಆ ವಹಿ ಬರದ ಡಾಕ್ಟರನ ಮಾತು ಖರೇ ಆತು.

ಅಂದ್ರ ಅತ್ತಿಯವರಿಗೆ ಏಳೋ ಎಂಟೋ ವರ್ಷದಾಕಿ ಇದ್ದಾಗ ಬಂದು ಹೋದ ಅಮ್ಮ, ಹೋಗಿರಲಿಲ್ಲ. ಮದಿವಿ ಆತು, ಐದು ಹಡದ್ರು, ಹೊಲ ಮನಿ ದುಡದ್ರು, ಸೊಸ್ತ್ಯಾರು ಬಂದ್ರು. ಅದು ಹಣಿ ಹಿಂದ ಮಲಗೇ ಇತ್ತು. ನಾಗಪ್ಪನ ಶಾಪ ಅಲ್ಲ, ಯಾರ ಪಾಪಾನೂ ಅಲ್ಲ. ಇನ್ನೊಂದು ಮಾತು ತಿಳದಾಗ ನನ್ನ ಮೈ ಝುಂ ಅಂತು. ಸರ್ಪಸುತ್ತಿನ ಗುಳ್ಳಿ ನೀರಿನಿಂದ, ಹಿಂದ ಅಮ್ಮ ಬರದ ಇದ್ದವರಿಗೆ ಚಿಕನ್ ಪಾಕ್ಸ್ ಹತ್ತತೈತಿ, ಬಸರಿಗೆ ಅದು ಅಪಾಯ. ನಾ ಬಸರಿ ಇದ್ದು ಬರಿಗೈಲೆ ಅವರ ಹಣಿ ತೊಳದಿದ್ದೆ. ಸಣ್ಣಾಕಿದ್ದಾಗ ನನಗ ಅಮ್ಮ ಬಂದು ಹೋಗಿದ್ದಕ್ಕ ಪಾರಾದೆ ಅನಸ್ತೈತಿ.

ಇನ್ನ ಕಣ್ಣಾಗ ಏನಾಗತೈತಿ ಅಂದ್ರ, ಒಂದ ಥರ ಅಲ್ಲ. ಕರಿಗುಡ್ಡಿ ಮ್ಯಾಲೆ ಗಾಜಿನಂಥ ಪರದಿ ಇರತೈತಲ್ಲ, ಕಾರ್ನಿಯಾ, ಅದು ಬಾತು ಹುಣ್ಣಾಗಬಹುದು. ಒಳಗ ಉರಿಊತ ಬಂದು ಕಣ್ಣಿನ ಒತ್ತಡ ಏರಬಹುದು, ಅಂದ್ರ ಗ್ಲುಕೋಮಾ. ರೆಪ್ಪಿ ಜೋತು ಬೀಳಬಹುದು, ಒಂದು ಎರಡಾಗಿ ಕಾಣಬಹುದು. ಅಪರೂಪಕ್ಕ ಹಿಂದಿನ ರೆಟಿನಾನ ಕೊಳಿಯಾಕ ಹತ್ತತೈತಿ. ಇವೆಲ್ಲಾ ಗುಳ್ಳಿ ಇರೂ ಮುಂದನ ಬರಬೇಕು ಅಂತಿಲ್ಲ, ಗುಳ್ಳಿ ಒಣಗಿ ತಿಂಗಳುಗಟ್ಟಲೆ ಆದ ಮ್ಯಾಲೂ ಬರತಾವ. ಔಷಧ ಬರೂಕಿಂತ ಮದಲ, ಹಣಿ ಮ್ಯಾಲೆ ಸರ್ಪಸುತ್ತು ಆದವರಾಗ ಸುಮಾರು ಅರ್ಧ ಮಂದಿಗೆ ಕಣ್ಣಿಗೆ ಏನಾದ್ರೂ ತೊಂದರೆ ಆಗ್ತಿತ್ತು ಅಂತಾರ.

ನಮ್ಮ ಅತ್ತಿಯವರಿಗೆ ಆದದ್ದು ಎಲ್ಲಾದರಕಿಂತ ಮೋಸದ್ದು. ಹುಬ್ಬಳ್ಳಿ ಔಷಧಕ್ಕ ಬಾವು ಇಳೀತು, ಕೆಂಪು ಹೋತು, ಬ್ಯಾನಿನೂ ಹೋತು. ಆರಾಮಾತು ಅಂತ ಹಿಗ್ಗಿದ್ವಿ. ಬ್ಯಾನಿ ಹೋಗಿದ್ದು ಯಾಕಂದ್ರ ನರನ ಸತ್ತಿತ್ತು. ಮೂರು ತಿಂಗಳ ಮ್ಯಾಲೆ ಅಂಗಳದಾಗ ಕುಂತು ಜ್ವಾಳ ಕೇರೂ ಮುಂದ ಹೊಟ್ಟು ಕಣ್ಣಾಗ ಬಿತ್ತು. ನಮಗ ನಿಮಗ ಒಂದು ಹರಳು ಬಿದ್ರ ಜೀವ ಹೋದಂಗ ಆಗತೈತಿ, ತಿಕ್ಕತೀವಿ, ನೀರು ಹೊಡೀತೀವಿ. ಅವರಿಗೆ ಗೊತ್ತ ಆಗಲಿಲ್ಲ. ಮರುದಿನ ಕಣ್ಣು ಕೆಂಪಗಾದಾಗ ನೋಡಿದ್ರ ಹೊಟ್ಟು ಇನ್ನೂ ಅಲ್ಲೇ ಅಂಟಿಕೊಂಡಿತ್ತು. ಹುಣ್ಣಾತು, ಮಾಯಲಿಲ್ಲ. ಮಾಯೂದ್ರಾಗ ಹೂವು ಬಿತ್ತು. ನೋವಿಗೂ ಒಂದು ಉಪಕಾರ ಐತಿ ಅಂತ ನಾ ಅವತ್ತು ಕಲತೆ.

ಈಗ ಔಷಧದ ಇತಿಹಾಸ. ಇದರಾಗ ಒಬ್ಬ ಹೆಣ್ಣುಮಗಳು ಅದಾಳ, ನಮ್ಮಂಥವರು ತಿಳಕೊಳ್ಳಾಕ ಬೇಕಾದಾಕಿ. ಗರ್ಟ್ರೂಡ್ ಎಲಿಯನ್, 1918ರಾಗ ನ್ಯೂಯಾರ್ಕಿನಾಗ ಹುಟ್ಟಿದಾಕಿ. ಹದಿನೈದು ವರ್ಷದಾಕಿ ಇದ್ದಾಗ ಅಜ್ಜ ಕ್ಯಾನ್ಸರಿನಿಂದ ನರಳಿ ಸತ್ತದ್ದು ನೋಡಿ ಔಷಧ ಹುಡುಕಬೇಕು ಅಂತ ಮನಸ್ಸು ಮಾಡಿದ್ಲು. ರಸಾಯನಶಾಸ್ತ್ರ ಕಲತ್ರೂ ಹೆಣ್ಣು ಅಂತ ಲ್ಯಾಬಿನಾಗ ಕೆಲಸ ಕೊಡಲಿಲ್ಲ. ಒಂದಿಷ್ಟು ದಿನ ಆಕಿ ಮಾಡಿದ ಕೆಲಸ ಏನ್ರಿ ಅಂದ್ರ, ಒಂದು ಕಂಪನಿಗೆ ಉಪ್ಪಿನಕಾಯಿ ಎಷ್ಟು ಹುಳಿ ಆಗೈತಿ ಅಂತ ಪರೀಕ್ಷೆ ಮಾಡೂದು! 1944ರಾಗ ಔಷಧ ಕಂಪನಿ ಸೇರಿದ ಮ್ಯಾಲೆ ಪಿಎಚ್‌ಡಿ ಕಲಿಯೂದನ್ನೂ ಅರ್ಧಕ್ಕ ಬಿಡಬೇಕಾತು. ಆಕಿ ತಂಡದವರು 1970ರ ದಶಕದಾಗ ಎಸೈಕ್ಲೋವಿರ್ ಅನ್ನೂ ಔಷಧದ ಗುಟ್ಟು ಬಿಡಿಸಿದ್ರು. ಅದರ ಚಾತುರ್ಯ ನೋಡ್ರಿ. ಒಳ್ಳೆ ಜೀವಕೋಶದಾಗ ಅದು ಸುಮ್ಮನ ಕುಂಡ್ರತೈತಿ. ವೈರಸ್ ಹೊಕ್ಕ ಕೋಶದಾಗ ಮಾತ್ರ, ಆ ವೈರಸ್ಸಿನ ಕೈಯಾಗಿನ ಕೀಲಿಲೇ ಎಚ್ಚರಾಗಿ, ಅದು ಮರಿ ಹಾಕೂದನ್ನ ನಿಲ್ಲಸ್ತೈತಿ. ಕಳ್ಳನ ಕೀಲಿಲೆ ಕಳ್ಳನ್ನ ಒಳಗ ಹಾಕಿದಂಗ. 1988ರಾಗ ಆಕಿಗೆ ನೊಬೆಲ್ ಬಂತು, ಪಿಎಚ್‌ಡಿ ಇಲ್ಲದನ.

ಆದ್ರ ಈ ಔಷಧಕ್ಕ ಒಂದು ಕಟ್ಟು ಐತಿ. ವೈರಸ್ ಮರಿ ಹಾಕೂ ಮುಂದನ ಕೊಟ್ರ ಕೆಲಸ, ನರ ಸುಟ್ಟ ಮ್ಯಾಲೆ ಅದು ನರ ಹುಟ್ಟಸೂದಿಲ್ಲ. ಗುಳ್ಳಿ ಎದ್ದ ಮೂರು ದಿನದೊಳಗ, ಅಂದ್ರ 72 ತಾಸಿನಾಗ ಸುರು ಮಾಡಬೇಕು ಅಂತಾರ ಡಾಕ್ಟರ್. ತಡಾ ಆದ್ರೂ ಕಣ್ಣಿನ ಮ್ಯಾಲೆ ಬಂದದ್ದಕ್ಕ ಕೊಡ್ತಾರ, ಆದ್ರ ಮದಲಿನ ಮೂರು ದಿನದ ಬೆಲಿ ಬ್ಯಾರೆ. ನಾವು ಒಂಬತ್ತು ದಿನ ತಗೊಂಡಿದ್ವಿ.

ಈಗ ಲಸಿಕಿನೂ ಐತಿ. ಜಪಾನಿನ ಮಿಚಿಯಾಕಿ ತಾಕಾಹಾಶಿ ಅನ್ನೂ ಡಾಕ್ಟರ್, ತಮ್ಮ ಮೂರು ವರ್ಷದ ಮಗ ಚಿಕನ್ ಪಾಕ್ಸಿನಿಂದ ಒದ್ದಾಡಿದ್ದು ನೋಡಿ, 1974ರಾಗ ಅದಕ್ಕ ಲಸಿಕಿ ಮಾಡಿದ್ರು. ಆ ದಾರಿಲೇ 2006ರಾಗ ಸರ್ಪಸುತ್ತಿಗೂ ಲಸಿಕಿ ಬಂತು. ಅದರಕಿಂತ ಗಟ್ಟಿ ಆದ ಹೊಸ ಲಸಿಕಿ 2017ರಾಗ ಅಮೆರಿಕದಾಗ, 2023ರಾಗ ನಮ್ಮ ದೇಶದಾಗ ಬಂತು. ಐವತ್ತು ದಾಟಿದವರಿಗೆ, ಎರಡು ಸಲ ಚುಚ್ಚಸ್ಕೋಬೇಕು. ಅಗ್ಗದ್ದಲ್ಲ. ನಾವು ಗಂಡಾ ಹೆಂತಿ ಒಂದು ವರ್ಷ ರೊಕ್ಕ ಕೂಡಿಸಿ ಚುಚ್ಚಸ್ಕೊಂಡ್ವಿ.

ಇನ್ನ ಹೋದ ದೀಪಾವಳಿ ಸುದ್ದಿ. ಹಳ್ಳ್ಯಾಗಿರೂ ನಮ್ಮ ಅಕ್ಕ ಫೋನ್ ಮಾಡಿದ್ಲು. "ತಂಗಿ, ಹಣಿ ಉರೀತೈತಿ, ಬಾಚಣಿಗಿ ಮುಟ್ಟಸಾಕ ಆಗವಲ್ದು. ನಿನ್ನಿಂದ ಸಣ್ಣ ಗುಳ್ಳಿ ಎದ್ದಾವ" ಅಂದ್ಲು. ಬಾಚಣಿಗಿ ಅಂದದ್ದ ತಡಾ, ನನ್ನ ಕೈ ತಣ್ಣಗಾತು. ವಿಡಿಯೋ ಹಚ್ಚು ಅಂದೆ. ಮಾರಿ ತೋರಿಸಿದ್ಲು. "ಹಣಿ ಬ್ಯಾಡ ಅಕ್ಕ, ಮೂಗು ತೋರಸು." ಮೂಗಿನ ತುದಿ ಬಲಕ್ಕ ಸಾಸಿವಿ ಕಾಳಿನಷ್ಟು ಕೆಂಪು. ಹಿಂದ ಆಕಿ ಸೊಸಿ ನಿಂತಿತ್ತು, ಕೈಯಾಗ ಬಟ್ಟಲ, ಬಟ್ಟಲದಾಗ ಅರದ ಕೆಮ್ಮಣ್ಣು. ಮೂವತ್ತು ವರ್ಷದ ಹಿಂದಿನ ನನ್ನನ್ನ ನಾನ ನೋಡಿದಂಗಾತು.

ಆ ಹುಡುಗಿಗೆ ನಾ ಬೈಯಲಿಲ್ಲ. "ಯವ್ವಾ, ಹಬ್ಬ ಬಂತಲ್ಲ, ಅದನ್ನ ಗ್ವಾಡಿಗೆ ಹಚ್ಚು. ಹಣಿಗೆ ಬ್ಯಾಡ" ಅಂದೆ. ಅಕ್ಕನ ಮಗಗ ಗಾಡಿ ತಗಿ ಅಂದೆ. ಸಂಜಿ ಏಳಕ್ಕ ಕಣ್ಣಿನ ಡಾಕ್ಟರ್ ಮುಂದ ಕುಂತಿದ್ರು. ಗುಳಿಗಿ ಸುರು ಆದುವು, ಕಣ್ಣಿಗೆ ಹನಿ ಹಾಕಿದ್ರು, ವಾರಕ್ಕೊಮ್ಮೆ ಕರದು ಒತ್ತಡ ನೋಡಿದ್ರು. ಹಣಿ ಮ್ಯಾಲೆ ಕಲಿ ಉಳದಾವ, ಮೂರು ತಿಂಗಳು ನರ ಉರೀತು. ಆದ್ರ ಎರಡೂ ಕಣ್ಣು ಅದಾವ. ಮೊನ್ನೆ ಸೂಜಿಗೆ ದಾರ ಪೋಣಿಸಿ ತೋರಿಸಿದ್ಲು.

ಅಕ್ಕ ತಂಗ್ಯಾರ, ಇಷ್ಟು ನೆನಪಿಡ್ರಿ. ಹಣಿ, ತಲಿ, ರೆಪ್ಪಿ ಒಂದ ಮಗ್ಗಲು ಉರದು ಗುಳ್ಳಿ ಎದ್ರ ಅದು ಕಣ್ಣಿನ ಡಾಕ್ಟರ್ ನೋಡೂ ಬ್ಯಾನಿ. ಮೂಗಿನ ತುದಿ ಮ್ಯಾಲೆ ಗುಳ್ಳಿ ಬಂದ್ರ ಅವತ್ತ ಹೋಗ್ರಿ. ಮೂಗಿನ ಮ್ಯಾಲೆ ಇಲ್ಲ ಅಂತ ಸುಮ್ಮನ ಕುಂಡ್ರಬ್ಯಾಡ್ರಿ, ಇಲ್ಲದನೂ ಕಣ್ಣು ಕೆಡೂದುಂಟು. ಮನ್ಯಾಗ ಉಳದ ಹಳೇ ಕಣ್ಣಿನ ಹನಿ ಹಾಕಬ್ಯಾಡ್ರಿ. ಗುಳ್ಳಿ ಒಣಗಿದ ಮ್ಯಾಲೂ ಡಾಕ್ಟರ್ ಕರದಾಗ ಹೋಗ್ರಿ. ಬ್ಯಾನಿ ಇಲ್ಲ ಅಂದ್ರ ಆರಾಮ ಐತಿ ಅಂತ ತಿಳಕೋಬ್ಯಾಡ್ರಿ, ಕನ್ನಡಿ ಹಿಡದು ದಿನಾ ಕಣ್ಣು ನೋಡಕೋರಿ.

ಅತ್ತಿಯವರು 2011ರಾಗ ತೀರಿಕೊಂಡ್ರು. ಹದಿನೆಂಟು ವರ್ಷ ಒಂದ ಕಣ್ಣಿಲೆ ಬಾಳೇವು ಮಾಡಿದ್ರು, ನನ್ನ ಮೂರೂ ಮಕ್ಕಳನ್ನ ಎತ್ತಿ ಆಡಿಸಿದ್ರು. ಒಂದ ಸಲಾನೂ ನನಗ ಹಿಂಗಾತು ಅಂತ ಅನ್ನಲಿಲ್ಲ. ಒಂದಿನ ನಾನ ಅತ್ತು ಕೇಳಿದ್ದೆ. "ನಿನಗೇನು ಗೊತ್ತಿತ್ತವ್ವ? ನೀ ಹಚ್ಚಿದ್ದು ತಂಪ ಇತ್ತು" ಅಂದಿದ್ರು. ಅವಾಗ ನನಗ ಗೊತ್ತಿರಲಿಲ್ಲ ಅನ್ನೂದು ಖರೆ. ಈಗ ಗೊತ್ತೈತಿ, ಅದಕ್ಕ ಬರದೀನಿ.